ಎರಡು ಸಲ ಪಾಸಾದ ಬಾಯಮ್ಮ

ಕಳೆದ ತಿಂಗಳು ಬಂಟ್ವಾಳದ ಇಗರ್ಜಿಯಲ್ಲಿ ಅವರ ಹೆಸರಿನಲ್ಲಿ ಒಂದು ಪೂಜೆ ನಡೆಯಿತು. ದಫನ ಇಂಗ್ಲೆಂಡಿನಲ್ಲೇ ಆಗಿತ್ತು. ಇಲ್ಲಿದ್ದದ್ದು ಅವರ ತಮ್ಮನ ಮಕ್ಕಳು, ಮೊಮ್ಮಕ್ಕಳು, ಮತ್ತೆ ನನ್ನಂಥ ಕೆಲವು ಮುದುಕರು. ಎಳೆಯ ಪ್ರಾಯದ ಪಾದ್ರಿಗಳು ಅಲ್ಲಿಂದ ಬಂದ ಕಾಗದವನ್ನು ಓದಿದರು. ಅವಧಿಗೆ ಮೊದಲೇ ಹುಟ್ಟಿದ ಶಿಶುಗಳ ವಾರ್ಡಿನಲ್ಲಿ ದೀರ್ಘಕಾಲ ಸೇವೆ, ನಿವೃತ್ತಿಯ ಮೇಲೂ ಅದೇ ಊರಿನಲ್ಲಿ ವಾಸ, ಇತ್ಯಾದಿ. ಎಲ್ಲ ಸರಿಯಾಗಿಯೇ ಇತ್ತು. ಆದರೆ ಅವರು ಅಲ್ಲಿಗೆ ತಲುಪುವ ಮೊದಲು ಇಲ್ಲಿ ಏನೇನಾಯಿತು ಎಂದು ಹೇಳಬಲ್ಲವರು ಆ ಬೆಂಚುಗಳಲ್ಲಿ ನನ್ನ ಹೊರತು ಇನ್ನೊಬ್ಬರು ಕಾಣಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೆಸರು ಹೇಳುವುದಿಲ್ಲ. ನಾವು ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದೂ ಇಲ್ಲ. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಮರ್ಯಾದೆಯಿಂದ ‘ಬಾಯಮ್ಮ’ ಎನ್ನುವುದು ವಾಡಿಕೆ. ಬೆಳ್ತಂಗಡಿಯಲ್ಲಿ ಹಾಗೆ ಕರೆಸಿಕೊಳ್ಳುವವರು ಬೇರೆಯೂ ಇದ್ದರು. ಆದರೆ ಹಿಂದೆ ಮುಂದೆ ಏನೂ ಸೇರಿಸದೆ ‘ಬಾಯಮ್ಮ’ ಎಂದರೆ ಸರಕಾರಿ ಆಸ್ಪತ್ರೆಯ ಹೆರಿಗೆ ನರ್ಸು ಒಬ್ಬರೇ.

ಐವತ್ತರ ದಶಕದ ಕೊನೆಗೆ ನಾನು ಅಲ್ಲಿನ ಹೈಸ್ಕೂಲಿಗೆ ಗಣಿತದ ಮಾಸ್ತರನಾಗಿ ಬಂದೆ. ಬಂದು ಹೆಚ್ಚು ದಿನ ಆಗಿರಲಿಲ್ಲ. ಪಾಠದ ನಡುವೆ ಬಾಗಿಲಲ್ಲಿ ಬಿಳಿ ಸೀರೆಯ ಒಬ್ಬ ಹೆಂಗಸು ಬಂದು ನಿಂತರು. ಕಂಕುಳಲ್ಲಿ ಗಂಡಸರ ಕೊಡೆ, ಕೈಯಲ್ಲಿ ತೊಗಲಿನ ಚೀಲ, ಪಾದದ ತುಂಬ ಕೆಸರು.

“ಮಾಸ್ಟ್ರೇ, ಆ ಕೊನೆಯ ಬೆಂಚಿನ ಹುಡುಗನನ್ನು ಮನೆಗೆ ಬಿಡಿ. ಅವನಿಗೆ ತಂಗಿ ಬಂದಿದ್ದಾಳೆ.”

ಹುಡುಗ ನಾಚಿ ಪುಸ್ತಕ ಬಾಚಿಕೊಳ್ಳುವಷ್ಟರಲ್ಲಿ ಅವರು ತರಗತಿಯನ್ನೆಲ್ಲ ಒಮ್ಮೆ ನೋಡಿದರು. “ಇವ ಕಾಲು ಮುಂದೆ ಮಾಡಿ ಬಂದವ. ಓ ಅವಳು ಹುಟ್ಟಿ ಕೂಗದೆ ನನ್ನನ್ನು ಹೆದರಿಸಿದವಳು. ಈಗ ಬಾಯಿ ಮುಚ್ಚುವುದಿಲ್ಲವಾ ಮಾಸ್ಟ್ರೇ?” ಎಂದರು. ನಿಜಕ್ಕೂ ಆ ಹುಡುಗಿ ಬಾಯಿ ಮುಚ್ಚುತ್ತಿರಲಿಲ್ಲ. ಮಕ್ಕಳೆಲ್ಲ ನಕ್ಕರು. ಅವರು ನಗದೆ ಹೊರಟುಹೋದರು.

ಅವರಿಗೆ ಮಕ್ಕಳ ಹೆಸರು ನೆನಪಿರುತ್ತಿರಲಿಲ್ಲ, ಬಂದ ರೀತಿ ನೆನಪಿರುತ್ತಿತ್ತು. ಬಸ್ಸಿನಲ್ಲಿ, ಸಂತೆಯಲ್ಲಿ, ಯಾರದೋ ಮದುವೆಯ ಚಪ್ಪರದಲ್ಲಿ ಮೀಸೆ ಚಿಗುರಿದ ಹುಡುಗರು ಅವರನ್ನು ಕಂಡರೆ ಮೆಲ್ಲನೆ ಸರಿದು ಹೋಗುತ್ತಿದ್ದರು. ಎಲ್ಲರ ಎದುರು ಏನು ಹೇಳಿಬಿಡುತ್ತಾರೋ ಎಂಬ ಭಯ. ಹೆರುವ ಹೆಂಗಸರಿಗೆ ಅವರು ಹೇಳುತ್ತಿದ್ದ ಮಾತು ಒಂದೇ ಅಂತೆ: “ಕೂಗಬೇಡ ಮಗಾ. ಕೂಗಿದರೆ ಅರ್ಧ ಶಕ್ತಿ ಬಾಯಿಗೆ ಹೋಗ್ತದೆ.” ಇದನ್ನು ನನಗೆ ಹೇಳಿದವಳು ಆಸ್ಪತ್ರೆಯ ಆಯಾ ಕಲ್ಯಾಣಿ. ನನ್ನ ಬಿಡಾರ ಆಸ್ಪತ್ರೆಯ ಎದುರಿಗೇ ಇದ್ದುದರಿಂದ ಅಲ್ಲಿನ ಸುದ್ದಿ ನನಗೆ ಕೇಳದೆಯೇ ಸಿಗುತ್ತಿತ್ತು.

ಅವರು ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ, ಕೇಳಿದ ಒಬ್ಬ ಮುದುಕಿಗೆ “ಪುರುಸೊತ್ತು ಎಲ್ಲಿ ಆಯ್ತು?” ಎಂದಿದ್ದರಂತೆ. ತಂದೆಯ ಮನೆ ಬಂಟ್ವಾಳದ ಹತ್ತಿರ. ತಾಯಿ ತಂದೆ ತೀರಿದ ಮೇಲೆ ಅಲ್ಲಿ ತಮ್ಮನ ಸಂಸಾರ. ಭಾನುವಾರ ಪೂಜೆಗೆ, ಹಬ್ಬಕ್ಕೆ ಹೋಗಿಬರುತ್ತಿದ್ದರು. ಅದರಾಚೆ ಮಂಗಳೂರು. ಮಂಗಳೂರಿನಾಚೆಗೆ ಅವರು ಕಾಲಿಟ್ಟಿರಲೇ ಇಲ್ಲ.

ಹಾಗಿದ್ದವರಿಗೆ ನಲವತ್ತರ ಹತ್ತಿರ ಇಂಗ್ಲೆಂಡಿಗೆ ಹೋಗುವ ಮನಸ್ಸು ಬಂತು.

ಕಾರಣ ಒಂದು ಮಗು. ಘಟ್ಟದ ಬುಡದ ನೆರಿಯದ ಕಡೆಯಿಂದ ಒಬ್ಬಾಕೆಯನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ತಂದಿದ್ದರು. ಏಳು ತಿಂಗಳಿಗೇ ಹೆರಿಗೆಯಾಯಿತು. ಅಂಗೈಯಷ್ಟು ಇದ್ದ ಮಗುವನ್ನು ಹತ್ತಿಯಲ್ಲಿ ಸುತ್ತಿ, ಸುತ್ತ ಬಿಸಿನೀರಿನ ಬಾಟಲಿ ಇಟ್ಟು, ಬಾಯಮ್ಮ ಅದರ ಬಳಿಯಿಂದ ಏಳಲೇ ಇಲ್ಲ. ಎರಡು ದಿನ ಉಸಿರಾಡಿ ಅದು ಹೋಯಿತು. ಅಂಥ ಮಕ್ಕಳು ಮೊದಲೂ ಹೋಗಿದ್ದವು. ಈ ಸಲ ಯಾಕೋ ಅವರಿಗೆ ತಡೆಯಲಾಗಲಿಲ್ಲ. ಮರುದಿನ ಬೆಳಿಗ್ಗೆ ನಮ್ಮ ಜಗಲಿಯ ಮೆಟ್ಟಿಲಲ್ಲಿ ಕುಳಿತು ನನ್ನ ಹೆಂಡತಿ ಕೊಟ್ಟ ಕಾಫಿಯನ್ನು ಆರಲು ಬಿಟ್ಟು, “ಅದಕ್ಕೆ ರೋಗ ಇರಲಿಲ್ಲ ಮಾಸ್ಟ್ರೇ. ಬೇಗ ಬಂದದ್ದು ಬಿಟ್ಟರೆ ಬೇರೆ ಎಂತದೂ ತಪ್ಪು ಮಾಡಿರಲಿಲ್ಲ” ಎಂದರು.

ಅವರೊಂದಿಗೆ ಮಂಗಳೂರಿನಲ್ಲಿ ನರ್ಸಿಂಗ್ ಕಲಿತ ಒಬ್ಬರು ಆಗಲೇ ಇಂಗ್ಲೆಂಡಿನ ಒಂದು ಊರಿನಲ್ಲಿ ಕೆಲಸಕ್ಕಿದ್ದರು. ಅಲ್ಲಿ ಇಂಥ ಶಿಶುಗಳಿಗೆಂದೇ ಬೇರೆ ವಾರ್ಡು ಉಂಟು, ಗಾಜಿನ ಪೆಟ್ಟಿಗೆಯಲ್ಲಿ ಬೆಚ್ಚಗೆ ಇಟ್ಟು ಸಾಕುತ್ತಾರೆ, ಏಳು ತಿಂಗಳಿನವು ಹೆಚ್ಚಿನವು ಉಳಿಯುತ್ತವೆ, ನರ್ಸುಗಳು ಸಾಲದೆ ಹೊರದೇಶದವರನ್ನು ಕರೆಯುತ್ತಿದ್ದಾರೆ ಎಂದು ಅವರು ಬರೆದಿದ್ದರು. ಬಾಯಮ್ಮ ಅರ್ಜಿ ತರಿಸಿಕೊಂಡರು. “ಕಲಿತು ಬರುವ” ಎಂದಷ್ಟೇ ನನ್ನೊಡನೆ ಹೇಳಿದರು.

ನರ್ಸಿಂಗ್ ಕಲಿತವಳಾಗಿ ಆ ದೇಶಕ್ಕೆ ಹೋಗಬೇಕಾದರೆ ಕಲಿತದ್ದನ್ನೆಲ್ಲ ರುಜುವಾತು ಮಾಡಬೇಕಿತ್ತು. ಇಗರ್ಜಿಯಿಂದ ಜನನದ ದಾಖಲೆ ಸಿಕ್ಕಿತು. ನರ್ಸಿಂಗ್ ಸರ್ಟಿಫಿಕೇಟು ಕಟ್ಟು ಹಾಕಿಸಿ ಗೋಡೆಯಲ್ಲೇ ಇತ್ತು. ಉಳಿದದ್ದು ಎಸ್ಸೆಸ್ಸೆಲ್ಸಿ. ಆ ಕಾಲದಲ್ಲಿ ಅದು ಒಂದು ಹಾಳೆಯಲ್ಲ, ಸಣ್ಣ ಪುಸ್ತಕ. ತಮ್ಮನ ಮನೆಯ ಅಟ್ಟದಲ್ಲಿ, ತಂದೆಯ ಮರದ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ತೆಗೆದು ನೋಡಿದರೆ ಗೆದ್ದಲು, ನಮ್ಮ ಕಡೆ ಹೇಳುವ ಒರಲೆ, ಹತ್ತಿತ್ತು. ರಟ್ಟು ಉಳಿದಿತ್ತು. ಒಳಗೆ ಮಣ್ಣು.

“ರಟ್ಟಿನಲ್ಲಿ ಹೆಸರಾದರೂ ಉಂಟಾ?” ಎಂದು ಕೇಳಿದೆ.

“ಹೆಸರು ಉಂಟು. ನಾನು ಶಾಲೆಗೆ ಹೋದದ್ದು ಉಂಟು ಅಂತ ಆಯ್ತು. ಪಾಸಾದದ್ದು ಒರಲೆಯ ಹೊಟ್ಟೆಯಲ್ಲಿ.”

ನಕಲು ತರಿಸಿದರಾಯಿತು ಎಂದುಕೊಂಡೆವು. ಅವರು ಪರೀಕ್ಷೆ ಕಟ್ಟಿದ್ದು ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿದ್ದಾಗ. ಕಲಿತ ಹೆಣ್ಣುಮಕ್ಕಳ ಶಾಲೆ ಯುದ್ಧ ಮುಗಿದ ಮೇಲೆ ಮುಚ್ಚಿಹೋಗಿತ್ತು. ಅದರ ರಿಜಿಸ್ಟರುಗಳು ಎಲ್ಲಿಗೆ ಹೋದವೆಂದು ತಿಳಿದವರಿರಲಿಲ್ಲ. ಮದ್ರಾಸಿಗೆ ಬರೆದೆವು. ನಿಮ್ಮ ಜಿಲ್ಲೆ ಈಗ ಮೈಸೂರು ರಾಜ್ಯದಲ್ಲಿದೆ, ಬೆಂಗಳೂರಿನಲ್ಲಿ ವಿಚಾರಿಸಿ ಎಂದು ಉತ್ತರ ಬಂತು. ಬೆಂಗಳೂರಿಗೆ ಬರೆದೆವು. ಪರೀಕ್ಷೆ ನಡೆಸಿದವರು ಮದ್ರಾಸಿನವರು, ಅಲ್ಲಿಗೇ ಬರೆಯಿರಿ ಎಂದರು. ಮತ್ತೆ ಮದ್ರಾಸಿಗೆ. ಈ ಸಲ ಅವರು ರಿಜಿಸ್ಟರ್ ನಂಬರು ಕೇಳಿದರು. ನಂಬರು ಒರಲೆ ತಿಂದ ಹಾಳೆಯಲ್ಲಿತ್ತು. ನರ್ಸಿಂಗ್ ಕಲಿಸಿದ ಆಸ್ಪತ್ರೆಯವರಿಗೆ ಬರೆದರೆ, ಸೇರಿಸಿಕೊಳ್ಳುವಾಗ ಪುಸ್ತಕ ನೋಡಿ ಹಿಂದೆ ಕೊಟ್ಟಿದ್ದೇವೆ, ಪ್ರತಿ ಇಟ್ಟುಕೊಂಡಿಲ್ಲ ಎಂದರು. ಕೊನೆಗೆ ಮದ್ರಾಸಿನಿಂದ ಒಂದು ಸಾಲಿನ ಕಾಗದ ಬಂತು: ಕೊಟ್ಟ ವಿವರಗಳಿಂದ ಇಂಥ ಅಭ್ಯರ್ಥಿ ತೇರ್ಗಡೆಯಾದದ್ದು ಕಂಡುಬರುವುದಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಇಂಗ್ಲೆಂಡಿನ ಆಸೆಯನ್ನು ಬಿಟ್ಟು ಅವರು ತಮ್ಮ ಕೆಲಸ ನೋಡಿಕೊಳ್ಳುತ್ತಿದ್ದರೋ ಏನೋ. ಆದರೆ ಅವರು ಸರಕಾರಿ ನೌಕರರಾದ್ದರಿಂದ ಆ ಕಾಗದದ ಒಂದು ಪ್ರತಿ ಜಿಲ್ಲೆಯ ಆರೋಗ್ಯಾಧಿಕಾರಿಗೂ ಹೋಗಿತ್ತು. ಅಲ್ಲಿಂದ ಮೆಮೊ ಬಂತು. ನೀವು ಎಸ್ಸೆಸ್ಸೆಲ್ಸಿ ಆಗಿರುವುದು ಕಂಡುಬರುತ್ತಿಲ್ಲ, ಹಾಗಿದ್ದ ಮೇಲೆ ನಿಮ್ಮ ನೇಮಕವನ್ನು ಯಾಕೆ ಮರುಪರಿಶೀಲಿಸಬಾರದು, ವಿವರಣೆ ಕೊಡಿ.

ಇಂಥ ಸುದ್ದಿ ಪೇಟೆಗೆ ಬರಲು ಹೊತ್ತು ಬೇಡ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ನಾನು ಬನ್ಸ್ ತಿನ್ನುತ್ತಿದ್ದಾಗ ಪಕ್ಕದ ಮೇಜಿನವ ಹೇಳುತ್ತಿದ್ದ: “ಬಾಯಮ್ಮ ಎಸ್ಸೆಸ್ಸೆಲ್ಸಿಯೇ ಆಗಿಲ್ಲವಂತೆ ಮಾರಾಯ. ಇಷ್ಟು ವರ್ಷ ಸರಕಾರಕ್ಕೆ ಟೋಪಿ!” ಅವನ ಇಬ್ಬರು ಮಕ್ಕಳನ್ನು ಹುಟ್ಟುವಾಗ ಎತ್ತಿಕೊಂಡ ಕೈ ಅವರದ್ದೇ. ನಾನು ಹಾಗೆಂದು ಹೇಳಿದೆ. “ಅದು ಬೇರೆ, ಇದು ಬೇರೆ” ಎಂದ.

ಬಾಯಮ್ಮನಿಗೆ ತಟ್ಟಿದ್ದು ಹೋಟೆಲಿನ ಮಾತಲ್ಲ. ಊರ ಹೊರಗಿನ ಒಂದು ದೊಡ್ಡ ಮನೆಯಲ್ಲಿ ಹಿರಿಯ ಸೊಸೆಯ ಹೆರಿಗೆಗಳೆಲ್ಲ ಇವರ ಕೈಯಲ್ಲೇ ಆಗಿದ್ದವು. ಆ ವರ್ಷ ಕಿರಿಯ ಸೊಸೆಯ ಸರದಿ. ಮೊದಲೇ ಬಂದು ನೋಡಿ ಹೋಗಬೇಕೆಂದು ಹೇಳಿಟ್ಟಿದ್ದವರು, ಇವರು ಹೋದಾಗ ಅಂಗಳದಲ್ಲೇ ನಿಲ್ಲಿಸಿ ಎಳನೀರು ಕೊಟ್ಟು, “ಇವಳನ್ನು ಮಂಗಳೂರಿಗೆ ಕರಕೊಂಡು ಹೋಗುವ ಅಂತ ಮಾಡಿದ್ದೇವೆ ಬಾಯಮ್ಮ” ಎಂದರಂತೆ. ಇವರು ಎಳನೀರು ಕುಡಿದು, “ಒಳ್ಳೆಯದು. ಕಾರಿನಲ್ಲಿ ಎಡಕ್ಕೆ ತಿರುಗಿ ಮಲಗಲಿಕ್ಕೆ ಹೇಳಿ” ಎಂದು ಬಂದರು. ಇದನ್ನು ಹೇಳುವಾಗ ಕಲ್ಯಾಣಿ ಅತ್ತಳು. ಬಾಯಮ್ಮ ಅತ್ತದ್ದನ್ನು ನಾನು ನೋಡಿಲ್ಲ.

 ಒಂದು ವಾರದ ಮೇಲೆ ಒಂದು ಸಂಜೆ ಶಾಲೆ ಬಿಡುವ ಹೊತ್ತಿಗೆ ಬಂದು, ಮಕ್ಕಳೆಲ್ಲ ಹೋಗುವವರೆಗೆ ಕಾದು, ನನ್ನ ಮೇಜಿನ ಎದುರು ನಿಂತರು.

“ಮಾಸ್ಟ್ರೇ, ಮನೆಯಲ್ಲಿ ಓದಿ ಪರೀಕ್ಷೆಗೆ ಕೂರುವವರು ಇರ್ತಾರಲ್ಲ, ಅದಕ್ಕೆ ಪ್ರಾಯದ ಲೆಕ್ಕ ಉಂಟಾ?”

“ಕಡಿಮೆಗೆ ಉಂಟು. ಹೆಚ್ಚಿಗೆ ಇಲ್ಲ.”

“ಹಾಗಾದರೆ ನಾನು ಪುನಃ ಬರೀತೇನೆ. ನೀವು ಗಣಿತ ಹೇಳಿಕೊಡಬೇಕು.”

ನಾನು ದಂಗಾಗಿ, ಮದ್ರಾಸಿಗೆ ಇನ್ನೊಮ್ಮೆ ಬರೆದು ನೋಡುವ, ಯಾರಾದರೂ ವಕೀಲರನ್ನು ಕೇಳುವ ಎಂದೆಲ್ಲ ಹೇಳಿದೆ. ಅವರು ಕೇಳಿಸಿಕೊಂಡು, “ಹುಡುಕುವುದು ಅವರ ಕೈಯಲ್ಲಿ. ಬರೆಯುವುದು ನನ್ನ ಕೈಯಲ್ಲಿ ಅಲ್ಲವಾ?” ಎಂದರು. 

ಮೆಮೊಗೆ ಅವರು ಕೊಟ್ಟ ವಿವರಣೆಯೂ ಅಷ್ಟೇ ಚಿಕ್ಕದು. ನಾನು ಪಾಸಾಗಿದ್ದೇನೆ, ದಾಖಲೆ ಒರಲೆ ತಿಂದಿದೆ, ಬರುವ ಪರೀಕ್ಷೆಯಲ್ಲಿ ಮತ್ತೆ ಪಾಸಾಗಿ ತೋರಿಸುತ್ತೇನೆ, ಅಲ್ಲಿಯವರೆಗೆ ಸಮಯ ಬೇಕು. ಆರೋಗ್ಯಾಧಿಕಾರಿಗೆ ಏನನ್ನಿಸಿತೋ, ಸಮಯ ಕೊಟ್ಟರು.

ಹೀಗೆ ಬಾಯಮ್ಮ ನಮ್ಮ ಶಾಲೆಯ ಜಗಲಿಯಲ್ಲಿ ವಿದ್ಯಾರ್ಥಿನಿಯಾದರು. ಸಂಜೆ ಹೊತ್ತು ಹಿಂದುಳಿದ ಮಕ್ಕಳಿಗೆ ನಾನು ಪಾಠ ಹೇಳುತ್ತಿದ್ದೆ, ಅವರ ಜೊತೆಗೇ ಕುಳಿತರು. ಮಕ್ಕಳು ಮೊದಲು ನಕ್ಕರು. ಆಮೇಲೆ ಅವರಿಗೂ ಪೆಟ್ಟು ಬೀಳುತ್ತದಾ ಎಂದು ಕುತೂಹಲದಿಂದ ಕಾದರು. ಆಮೇಲೆ ಮರೆತೇಬಿಟ್ಟರು.

ಕಲಿಯುವುದು ಅವರಿಗೆ ಸುಲಭವಾಗಲಿಲ್ಲ. ಅದನ್ನು ಮುಚ್ಚಿಡುವುದಿಲ್ಲ. ಅವರು ಬಲ್ಲ ಲೆಕ್ಕವೆಲ್ಲ ರೂಪಾಯಿ ಆಣೆ ಪೈಗಳಲ್ಲಿ, ಸೇರು ಪೌಂಡುಗಳಲ್ಲಿ. ಈಗ ನಯಾಪೈಸೆ, ಕಿಲೋಗ್ರಾಂ. ಬೀಜಗಣಿತದಲ್ಲಿ ಎಕ್ಸ್ ಕಂಡರೆ, “ಇದು ಎಷ್ಟು ಅಂತ ಗೊತ್ತಿದ್ದೂ ಯಾಕೆ ಅಡಗಿಸಿ ಇಡುವುದು?” ಎಂದು ಸಿಟ್ಟಾಗುತ್ತಿದ್ದರು. ಜ್ಯಾಮಿತಿಯ ಪ್ರಮೇಯಗಳನ್ನು ಬಾಯಿಪಾಠ ಮಾಡಿ ನಡುವೆ ಒಂದು ಸಾಲು ಮರೆತರೆ ಮತ್ತೆ ಮೊದಲಿನಿಂದ ಹೇಳಬೇಕಾಗುತ್ತಿತ್ತು. ಚರಿತ್ರೆಯಲ್ಲಿ ಇನ್ನೊಂದು ಪೇಚು. “ನಾನು ಮೊದಲು ಬರೆಯುವಾಗ ಬ್ರಿಟಿಷ್ ರಾಜರಿದ್ದರು ಮಾಸ್ಟ್ರೇ, ಅವರನ್ನು ಹೊಗಳಿ ಬರೆದರೆ ಮಾರ್ಕು. ಈಗ ಅವರನ್ನು ಓಡಿಸಿದ್ದನ್ನು ಬರೆಯಬೇಕು. ಎರಡೂ ಒಂದೇ ಪರೀಕ್ಷೆ ಅಂತ ಹೇಳ್ತಾರೆ!”

ನಡುನಡುವೆ ಕಲ್ಯಾಣಿ ಗೇಟಿನ ಬಳಿ ಕಾಣಿಸಿಕೊಳ್ಳುತ್ತಿದ್ದಳು. ಯಾರಿಗೋ ನೋವು ಸುರುವಾಗಿದೆ ಎಂದು ಅರ್ಥ. ಬಾಯಮ್ಮ ಸ್ಲೇಟು ಬೆಂಚಿನ ಮೇಲೆ ಬಿಟ್ಟು ಎದ್ದು ಹೋಗುತ್ತಿದ್ದರು. ಮರುದಿನ ಬಂದು ಅದೇ ಲೆಕ್ಕವನ್ನು ಮುಂದುವರಿಸುತ್ತಿದ್ದರು. ಪಕ್ಕದ ಹುಡುಗಿ ಅದನ್ನು ಒರಸದೆ ಜೋಪಾನವಾಗಿ ಇಟ್ಟಿರುತ್ತಿದ್ದಳು. ಕಲ್ಯಾಣಿ ಕೆಲವೊಮ್ಮೆ ಕರೆಯಲು ಕೆಲಸವಿಲ್ಲದಾಗಲೂ ಬಂದು, ಕಂಬಕ್ಕೆ ಒರಗಿ ನಿಂತು ಪಾಠ ಕೇಳುತ್ತಿದ್ದಳು. ನಾನು ಅದಕ್ಕೆ ಆಗ ಏನೂ ಅರ್ಥ ಹಚ್ಚಲಿಲ್ಲ.

ಪರೀಕ್ಷೆಯ ಕೇಂದ್ರ ಮೂಡಬಿದಿರೆ. ಬೆಳ್ತಂಗಡಿಯಿಂದ ವೇಣೂರು ದಾರಿಯಾಗಿ ಬಸ್ಸು. ದಿನಾ ಹೋಗಿಬಂದು ಬರೆಯುವುದು ಆಗದ ಮಾತು. ಆದ್ದರಿಂದ ಮಕ್ಕಳು ಅಕ್ಕಿ, ತೆಂಗಿನಕಾಯಿ, ಉಪ್ಪಿನಕಾಯಿ ಭರಣಿ ಕಟ್ಟಿಕೊಂಡು ಹೋಗಿ ಅಲ್ಲೇ ಉಳಿಯುವುದು ಪದ್ಧತಿ. ಹುಡುಗರಿಗೆ ಪೇಟೆಯಲ್ಲಿ ಒಂದು ಹಳೆಯ ಮನೆ ಹಿಡಿದಿದ್ದೆವು. ಹುಡುಗಿಯರಿಗೆ ಬಸದಿಯ ಬೀದಿಯಲ್ಲಿ ಒಬ್ಬ ವಿಧವೆಯ ಮನೆ. ಬಾಯಮ್ಮ ಹುಡುಗಿಯರ ಜೊತೆಗೆ. ಹುಡುಗಿಯರ ಮೇಲ್ವಿಚಾರಣೆಗೆ ಬೇರೆ ಹೆಂಗಸು ಬೇಡವಾಯಿತು ಎಂದು ನಮ್ಮ ಹೆಡ್‌ಮಾಸ್ಟರಿಗೆ ಒಳಗೊಳಗೇ ಸಮಾಧಾನ.

ಮೊದಲ ದಿನ ಪರೀಕ್ಷಾ ಹಾಲಿನ ಬಾಗಿಲಲ್ಲಿ ಅವರನ್ನು ತಡೆದರು. ಮಕ್ಕಳ ಜೊತೆ ಬಂದವರು ಹೊರಗೆ ನಿಲ್ಲಬೇಕು ಎಂದರು ಅಲ್ಲಿನ ಮೇಲ್ವಿಚಾರಕರು. ಬಾಯಮ್ಮ ಹಾಲ್ ಟಿಕೆಟ್ ತೋರಿಸಿದರು. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಮೇಲಿನವರನ್ನು ಕರೆದು ಕೇಳಿ, ಒಳಗೆ ಬಿಟ್ಟರು. ಮಕ್ಕಳ ಅಳತೆಯ ಬೆಂಚು. ಮೊಣಕಾಲು ಡೆಸ್ಕಿಗೆ ತಾಗುತ್ತಿತ್ತಂತೆ. ಆ ಸಾಲಿನಲ್ಲಿ ಕುಳಿತ ನಮ್ಮ ಮಕ್ಕಳಲ್ಲಿ ಹಲವರು ಅವರ ಕೈಯಲ್ಲೇ ಹುಟ್ಟಿದವರು.

ಗಣಿತದ ದಿನ ಏನಾಯಿತೆಂದು ಮಕ್ಕಳೇ ಬಂದು ನನಗೆ ಹೇಳಿದರು. ನಾನು ಹೊರಗೆ ಮಾವಿನ ಮರದ ಕೆಳಗೆ ಕಾಯುತ್ತಿದ್ದೆ. ಬಾಯಮ್ಮ ಒಂದು ಲೆಕ್ಕದಲ್ಲಿ ಸಿಕ್ಕಿಬಿದ್ದು ಪೆನ್ನು ಕೆಳಗಿಟ್ಟು ಕುಳಿತಿದ್ದರು. ಹಿಂದಿನ ಬೆಂಚಿನಲ್ಲಿ ನಮ್ಮ ಜಾಣ ಹುಡುಗ ಒಬ್ಬನಿದ್ದ. ಅವನು ಮರುಕದಿಂದ ತನ್ನ ಉತ್ತರ ಪತ್ರಿಕೆಯನ್ನು ಓರೆ ಮಾಡಿ, “ಬಾಯಮ್ಮ, ನೋಡಿ, ನೋಡಿ” ಎಂದು ಪಿಸುಗುಟ್ಟಿದ. ಅವರು ತಿರುಗಲಿಲ್ಲ. ಇಡೀ ಹಾಲಿಗೆ ಕೇಳುವ ಹಾಗೆ, “ಹುಟ್ಟುವಾಗ ಬೆಳಗಿನಿಂದ ಸಂಜೆವರೆಗೆ ಕಾಯಿಸಿದವ, ಈಗ ನಿನಗೆಂತ ಅವಸರ? ಸುಮ್ಮನೆ ಬರಿ” ಎಂದರು. ಮೇಲ್ವಿಚಾರಕರಿಗೆ ಬಯ್ಯಬೇಕೋ ನಗಬೇಕೋ ತಿಳಿಯಲಿಲ್ಲವಂತೆ. ಆ ಲೆಕ್ಕ ಅವರಿಗೆ ಕೊನೆಗೂ ಬರಲಿಲ್ಲ. ಹೊರಗೆ ಬಂದವರು ನನ್ನನ್ನು ನೋಡಿ, “ಒಂದು ಬಿಟ್ಟೆ” ಎಂದರು. ಮತ್ತೆ ಹುಡುಗನ ಕಿವಿ ಹಿಂಡಿ, ಹೋಟೆಲಿಗೆ ಕರೆದುಕೊಂಡು ಹೋಗಿ ಗೋಳಿಬಜೆ ತಿನ್ನಿಸಿದರು.

ಫಲಿತಾಂಶ ಪೇಪರಿನಲ್ಲಿ ಬಂತು. ಅವರ ನಂಬರು ಇತ್ತು. ಗಣಿತದಲ್ಲಿ ದಡ ಸೇರುವಷ್ಟು, ಕನ್ನಡದಲ್ಲಿ ಒಳ್ಳೆಯದು, ಉಳಿದವು ನಡುಮಧ್ಯ. ಪೇಟೆಯಲ್ಲಿ ಮಿಠಾಯಿ ಹಂಚಿದವರು ಅವರಲ್ಲ, ಅವರ ಜೊತೆ ಪರೀಕ್ಷೆ ಬರೆದ ಹುಡುಗರು. ಅವರಲ್ಲಿ ಫೇಲಾದ ಇಬ್ಬರೂ ಇದ್ದರು.

ಆರೋಗ್ಯಾಧಿಕಾರಿಗಳ ಮೊಕ್ಕಾಂ ಬಂಟ್ವಾಳದ ಪ್ರವಾಸಿ ಬಂಗಲೆಯಲ್ಲಿ ಇದ್ದಾಗ ಬಾಯಮ್ಮ ಹೊಸ ಸರ್ಟಿಫಿಕೇಟು ಹಿಡಿದು ಹೋದರು. ನಾನೂ ಜೊತೆಗಿದ್ದೆ. ಅಧಿಕಾರಿ ಕೆಟ್ಟವರಲ್ಲ, ಕಾಗದದ ಮನುಷ್ಯ. ಎರಡು ಸಲ ಓದಿದರು.

“ಇದು ಈಗಿನದ್ದಾಯ್ತು ಸಿಸ್ಟರ್. ಕೆಲಸಕ್ಕೆ ಸೇರುವಾಗ ಪಾಸಾಗಿದ್ದಿರಿ ಅಂತ ಇದರಿಂದ ತಿಳಿಯುವುದಿಲ್ಲವಲ್ಲ?”

“ಇಲ್ಲ ಸರ್. ಅದು ತಿಳಿಯುವುದಿಲ್ಲ.”

“ಮತ್ತೆ?”

“ಆಗ ಪಾಸಾಗಿದ್ದೆ ಅಂತ ನಾನು ಹೇಳ್ತಾ ಇದ್ದೇನೆ. ಸುಳ್ಳು ಹೇಳುವವಳಾದರೆ ಪುನಃ ಬರೆಯಲಿಕ್ಕೆ ಹೋಗ್ತಿದ್ದೆನಾ ಸರ್? ಒಂದು ಸುಳ್ಳು ಕಾಗದ ಮಾಡಿಸಲಿಕ್ಕೆ ಮಂಗಳೂರಿನಲ್ಲಿ ಜನ ಇಲ್ಲವಾ?”

ಅಧಿಕಾರಿ ಕನ್ನಡಕ ತೆಗೆದು ಒರೆಸಿದರು.  ಆಮೇಲೆ ಮೆಮೊ ಇದ್ದ ಕಡತದಲ್ಲಿ, ವಿದ್ಯಾರ್ಹತೆ ಹಾಜರುಪಡಿಸಿದ್ದಾರೆ, ಮುಂದಿನ ಕ್ರಮ ಬೇಡ ಎಂದು ಬರೆದರು.  

ಕೆಲಸ ಉಳಿಯಿತು. ಇಂಗ್ಲೆಂಡು ಉಳಿಯಲಿಲ್ಲ. ಅಲ್ಲಿನ ನರ್ಸಿಂಗ್ ಕೌನ್ಸಿಲಿನವರು ಹೊಸ ಸರ್ಟಿಫಿಕೇಟಿನ ಪ್ರತಿ ನೋಡಿ ಬರೆದರು: ನೀವು ನರ್ಸಿಂಗ್ ಕಲಿತದ್ದು ಮೊದಲು, ಶಾಲೆ ಮುಗಿಸಿದ್ದು ಆಮೇಲೆ ಎಂದು ಈ ದಾಖಲೆಗಳಿಂದ ಕಾಣುತ್ತದೆ, ಶಾಲೆ ಮುಗಿಸದೆ ಪಡೆದ ತರಬೇತಿಯನ್ನು ನಾವು ಮಾನ್ಯ ಮಾಡುವಂತಿಲ್ಲ. ನನಗೆ ತಲೆ ಬಿಸಿಯಾಗಿ ಆ ಕಾಗದವನ್ನು ಮೇಜಿಗೆ ಬಡಿದೆ. ಬಾಯಮ್ಮ ಅದನ್ನು ನಿಧಾನವಾಗಿ ಮಡಚಿದರು.

“ಅವರು ಹೇಳುವುದು ಸರಿಯೇ. ಕಾಗದದಲ್ಲಿ ಹಾಗೇ ಕಾಣ್ತದೆ.”

ಕೌನ್ಸಿಲಿಗೆ ಅವರು ಮತ್ತೆ ಬರೆಯಲಿಲ್ಲ. ಗೆಳತಿ ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ನರ್ಸುಗಳ ಮುಖ್ಯಸ್ಥೆಯಾದ ಮೇಟ್ರನ್‌ಗೆ ನೇರವಾಗಿ ಒಂದು ಕಾಗದ ಬರೆದರು. ಇಂಗ್ಲಿಷ್ ಅವರದ್ದೇ. ಕಾಗುಣಿತ ನೋಡಿಕೊಡಲು ನನಗೆ ಕೊಟ್ಟರು. ಆದದ್ದನ್ನೆಲ್ಲ ಆದ ಹಾಗೆ ಹೇಳಿ, ಕೊನೆಗೆ ಹೀಗೆ ಬರೆದಿದ್ದರು: ನಾನು ಒಂದೇ ಪರೀಕ್ಷೆಯನ್ನು ಎರಡು ಸಲ ಪಾಸಾದವಳು. ನಿಮಗೆ ಸಾಲದಿದ್ದರೆ ನಿಮ್ಮ ಊರಿಗೆ ಬಂದು ಮೂರನೆಯ ಸಲ ಬರೆಯುತ್ತೇನೆ. ಇದು ಉದ್ಧಟತನ ಅನ್ನಿಸೀತು, ತೆಗೆಯುವ ಎಂದೆ. “ಬೇಡ ಮಾಸ್ಟ್ರೇ, ಇರಲಿ. ನಾನು ಜಗಳಕ್ಕೆ ಬರೆದದ್ದಲ್ಲ. ನಿಜವಾಗಿ ಬರೀತೇನೆ” ಎಂದರು.

ಮೇಟ್ರನ್ ಅದನ್ನು ನಿಜವಾಗಿಯೇ ತೆಗೆದುಕೊಂಡರು. ತರಬೇತಿ ಪಡೆದ ನರ್ಸೆಂದು ನಿಮ್ಮನ್ನು ಸೇರಿಸಿಕೊಳ್ಳುವ ಅಧಿಕಾರ ನನಗಿಲ್ಲ, ಆದರೆ ಕಲಿಯುವವಳಾಗಿ ಬರುವುದಾದರೆ ಸ್ಥಳವಿದೆ ಎಂದು ಉತ್ತರ ಬಂತು. ಮೊದಲ ವರ್ಷದಿಂದ. ಹದಿನೆಂಟರ ಹುಡುಗಿಯರ ಜೊತೆ. ಕಲಿಯಲು ಬರುವವರಿಗೆ ಆ ದೇಶದೊಳಗೆ ಹೋಗಲು ಅಷ್ಟೆಲ್ಲ ರುಜುವಾತು ಬೇಕಿರಲಿಲ್ಲ, ಶಾಲೆಯ ಸರ್ಟಿಫಿಕೇಟು ಮತ್ತು ಆಸ್ಪತ್ರೆಯ ಕಾಗದ ಸಾಕು.

ನನಗೆ ಸರಿ ಕಾಣಲಿಲ್ಲ. ನನ್ನ ಹೆಂಡತಿಗೂ. “ಇಷ್ಟು ವರ್ಷ ಸರ್ವಿಸ್ ಆದ ಮೇಲೆ ಪುನಃ ಹೋಗಿ ಹಾಸಿಗೆ ಹಾಸುವುದು, ಪಾತ್ರೆ ತೊಳೆಯುವುದಾ ಬಾಯಮ್ಮ? ಇಲ್ಲಿ ನೀವು ಹೇಳಿದರೆ ಡಾಕ್ಟ್ರೂ ಕೇಳ್ತಾರೆ” ಎಂದಳು ಅವಳು.

“ಡಾಕ್ಟ್ರು ಕೇಳ್ತಾರೆ ಅಮ್ಮಾ. ಏಳು ತಿಂಗಳಿನದ್ದು ಕೇಳುವುದಿಲ್ಲ” ಎಂದರು ಬಾಯಮ್ಮ. ಆಮೇಲೆ ನನ್ನ ಕಡೆ ತಿರುಗಿ, “ಮಾಸ್ಟ್ರು ನನಗೆ ಬೆಂಚಿನಲ್ಲಿ ಕೂತು ಅಭ್ಯಾಸ ಮಾಡಿಸಿದ್ದಾರೆ. ಇನ್ನು ಎಲ್ಲಿಯೂ ಕೂರಬಹುದು” ಎಂದರು.

ಹೊರಡುವ ದಿನ ಮಂಗಳೂರಿನ ಬಸ್ಸಿಗೆ ಬಂದವರಲ್ಲಿ ಹೆಂಗಸರೇ ಹೆಚ್ಚು. ಮಕ್ಕಳನ್ನು ಎತ್ತಿಕೊಂಡು ಬಂದಿದ್ದರು. ಊರ ಹೊರಗಿನ ಆ ದೊಡ್ಡ ಮನೆಯ ಯಜಮಾನಿಯೂ ಕಿರಿಯ ಸೊಸೆಯನ್ನು, ಮಗುವನ್ನು ಕರೆದುಕೊಂಡು ಬಂದು ದೂರದಲ್ಲಿ ನಿಂತಿದ್ದರು. ಬಾಯಮ್ಮ ತಾವೇ ಹತ್ತಿರ ಹೋಗಿ ಮಗುವಿನ ಕಾಲನ್ನು ಹಿಡಿದು ನೋಡಿದರು. “ಇದು ಹೇಗೆ ಬಂದದ್ದು ಅಂತ ನನಗೆ ಗೊತ್ತಿಲ್ಲ” ಎಂದರು. ಯಜಮಾನಿ ತಲೆ ತಗ್ಗಿಸಿದರು. ಬಾಯಮ್ಮ ಮಗುವಿನ ತಲೆಯ ಮೇಲೆ ಕೈಯಿಟ್ಟು ಬಸ್ಸು ಹತ್ತಿದರು.

ಅವರು ಹೋಗಿ ಶಾಲೆ ಮತ್ತೆ ಸುರುವಾದಾಗ, ಒಂದು ಸಂಜೆ ಜಗಲಿಯಲ್ಲಿ ಕಲ್ಯಾಣಿ ನಿಂತಿದ್ದಳು. ಎಂಟನೆಯವರೆಗೆ ಕಲಿತು ಬಿಟ್ಟವಳು. ಮೂವತ್ತು ದಾಟಿತ್ತು. ಎರಡು ಮಕ್ಕಳು.

“ಮಾಸ್ಟ್ರೇ, ಬಾಯಮ್ಮ ಬರೆದ ಪರೀಕ್ಷೆಗೆ ಆಯಾದವರು ಕೂರಬಹುದಾ?”

“ಎಂತಕ್ಕೆ?”

“ಪಾಸಾದರೆ ಮಿಡ್‌ವೈಫ್ ಟ್ರೈನಿಂಗಿಗೆ ಹಾಕಬಹುದಂತೆ. ಬಾಯಮ್ಮ ಹೋಗುವಾಗ ಹೇಳಿದ್ದಾರೆ.”

ಅವಳಿಗೆ ಬಾಯಮ್ಮನಿಗಿಂತ ಹೆಚ್ಚು ಕಾಲ, ಮೂರು ವರ್ಷ ಹಿಡಿಯಿತು. ಕೆಳಗಿನ ತರಗತಿಗಳ ಪಾಠದಿಂದ ಹಿಡಿದು ಎಲ್ಲ ಹೇಳಿಕೊಡಬೇಕಾಯಿತು. ಕೊನೆಗೆ ಮೂಡಬಿದಿರೆಗೆ ಹೋಗಿ ಬರೆದವಳು ಇಂಗ್ಲಿಷಿನಲ್ಲಿ ಫೇಲಾದಳು. ಇನ್ನು ಬೇಡ ಎಂದು ಜಗಲಿಗೆ ಬರುವುದನ್ನೇ ನಿಲ್ಲಿಸಿದಳು. ನಾನು ಇದನ್ನು ಬಾಯಮ್ಮನಿಗೆ ಬರೆದೆ. ಉತ್ತರದಲ್ಲಿ ಹವಾಮಾನ, ಚಳಿ, ಅಲ್ಲಿನ ಅನ್ನದ ಅವಸ್ಥೆ ಎಲ್ಲ ಬರೆದು ಆಮೇಲೆ ಹೀಗೆ ಬರೆದಿದ್ದರು: ಕಲ್ಯಾಣಿಗೆ ಹೇಳಿ, ನಾನೂ ಇಲ್ಲಿ ಕೊನೆಯ ಪರೀಕ್ಷೆಯಲ್ಲಿ ಫೇಲು. ಪುಸ್ತಕದಲ್ಲಿ ಇದ್ದದ್ದನ್ನು ಬರೆಯುವ ಬದಲು ನಾನು ಕಂಡದ್ದನ್ನು ಬರೆದೆ. ಅಕ್ಟೋಬರಿನಲ್ಲಿ ಪುನಃ ಕೂರುತ್ತೇನೆ. ಅವಳೂ ಕೂರಲಿ.

ಆ ಕಾಗದವನ್ನು ಆಸ್ಪತ್ರೆಯ ಹಿತ್ತಲಿನಲ್ಲಿ ಕಲ್ಯಾಣಿಗೆ ಓದಿ ಹೇಳಿದೆ. ಅವಳು ಬಾಯಿಗೆ ಸೆರಗು ಒತ್ತಿ, “ಬಾಯಮ್ಮ ಫೇಲಾ?” ಎಂದು ಎರಡು ಮೂರು ಸಲ ಕೇಳಿದಳು. ಮರುದಿನ ಸಂಜೆ ಇಂಗ್ಲಿಷ್ ಪುಸ್ತಕ ಹಿಡಿದು ಬಂದು ಕುಳಿತಳು.

ಅದೇ ಹೊತ್ತಿಗೆ ಇಲ್ಲಿಯೂ ಎರಡನೆಯ ಪರೀಕ್ಷೆ ಇತ್ತು. ಅವರು ಅಲ್ಲಿ, ಇವಳು ಇಲ್ಲಿ ಬರೆದರು. ಮೊದಲು ಬಂದದ್ದು ಇವಳ ಫಲಿತಾಂಶ. ಪೇಪರಿನಲ್ಲಿ ನಂಬರು ಕಂಡದ್ದೇ ನಾನು ಓಡುವ ಹಾಗೆ ಆಸ್ಪತ್ರೆಗೆ ಹೋದೆ. ಕಲ್ಯಾಣಿ ಹಿತ್ತಲಿನ ಒಲೆಯಲ್ಲಿ ಹೆರಿಗೆ ಬಟ್ಟೆ ಕುದಿಸುತ್ತಿದ್ದಳು. ಪಾಸಾಗಿದ್ದೀ ಎಂದೆ. ಅವಳು ಕೋಲನ್ನು ಕೈಯಲ್ಲೇ ಹಿಡಿದು ನನ್ನ ಕಡೆ ತಿರುಗಿದಳು.

“ಬಾಯಮ್ಮನದ್ದು ಏನಾಯ್ತು ಮಾಸ್ಟ್ರೇ?”

“ಇನ್ನೂ ಬರಲಿಲ್ಲ.”

“ಹಾಗಾದರೆ ಈಗ ಯಾರಿಗೂ ಹೇಳುವುದು ಬೇಡ” ಎಂದಳು. “ಅವರದ್ದೂ ಬರಲಿ. ಒಟ್ಟಿಗೆ ಹೇಳುವ.” ಮತ್ತೆ ಒಲೆಯ ಕಡೆ ತಿರುಗಿ ಬಟ್ಟೆ ಮಗುಚತೊಡಗಿದಳು.